ಈಸ್ಟ್ ಗ್ರೀನಿಚ್‌ನ ಒಕ್ಕಲು: ಧಾರಾವಿಯ ನೆಲ ಮತ್ತು ಅದರ ಒಡೆಯರು



ಧಾರಾವಿಯ ಕನ್ನಡ ಬಂಧುಗಳಿಗಾಗಿ ಇರಿಸಿದ ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ನೋಡಿದ ಮಿತ್ರರೊಬ್ಬರು ಫೋನು ಮಾಡಿ, "ಇಂಗ್ಲೆಂಡಿನ ಧಣಿಗಳ ಎಸ್ಟೇಟ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಧಾರಾವಿಯವರಿಗೆ ಯಾಕ್ರೀ? ಅವರಿಗೆ ತಮ್ಮ ಖೋಲಿ ಏನಾಗುತ್ತದೆ ಅನ್ನುವ ಚಿಂತೆಯೇ ಸಾಕಷ್ಟಿದೆ" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ನಾವು ಈಗ ಕುಳಿತಿರುವ ಈ ನೆಲ ಕಾಗದದ ಲೆಕ್ಕದಲ್ಲಿ ಒಂದು ಕಾಲಕ್ಕೆ ಇಂಗ್ಲೆಂಡಿನ ಒಂದು ಮೇನರಿನ ಒಕ್ಕಲಾಗಿತ್ತು. ನಾನಿದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. 1668ರ ಮಾರ್ಚ್ 27ರಂದು ಎರಡನೆಯ ಚಾರ್ಲ್ಸ್ ಮುಂಬಯಿ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ ಸನ್ನದಿನಲ್ಲಿ, ಕಂಪನಿಯು ಈ ದ್ವೀಪವನ್ನು ಕೆಂಟ್ ಪ್ರಾಂತದ ಈಸ್ಟ್ ಗ್ರೀನಿಚ್ ಮೇನರಿನ ಹಿಡುವಳಿಯ ರೀತಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಎಂದಿದೆ. ಗೇಣಿ ವರ್ಷಕ್ಕೆ ಹತ್ತು ಪೌಂಡು, ಚಿನ್ನದಲ್ಲಿ, ಸೆಪ್ಟೆಂಬರ್ 30ಕ್ಕೆ ಸಂದಾಯ. ಅಮೆರಿಕದ ವರ್ಜೀನಿಯಾವನ್ನು ಕೊಟ್ಟಾಗಲೂ ಇದೇ ಮೇನರಿನ ಹೆಸರು ಬಳಕೆಯಾಗಿತ್ತು. ಸಮುದ್ರದಾಚೆಯ ಹೊಸ ನೆಲವನ್ನು ಯಾವ ಖಾತೆಗೆ ಬರೆಯಬೇಕೆಂದು ಇಂಗ್ಲಿಷ್ ವಕೀಲರಿಗೆ ತೋಚದೆ ಹೋದಾಗ, ಅರಮನೆಯ ಪಕ್ಕದ ಜಹಗೀರಿಗೆ ಸೇರಿಸಿ ಕೈತೊಳೆದುಕೊಂಡರು.

ಅದಕ್ಕೆ ಮೂರು ವರ್ಷ ಹಿಂದಿನ ಸಂಗತಿ ಇನ್ನೂ ಸ್ವಾರಸ್ಯದ್ದು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಹೋಯಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1665ರ ಫೆಬ್ರವರಿ 18ರಂದು ಹಸ್ತಾಂತರದ ಪತ್ರಕ್ಕೆ ಸಹಿ ಬಿದ್ದದ್ದು ಮಾತ್ರ ಒಬ್ಬ ಹೆಂಗಸಿನ ಮನೆಯಲ್ಲಿ. ಡೋನಾ ಇಗ್ನೇಝ್ ದ ಮಿರಾಂಡಾ, ವಿಧವೆ, ದ್ವೀಪದ ಒಡತಿ ಎಂದೇ ಹೆಸರಾದವಳು. ಅವಳ ಮನೆಯ ಜಾಗದಲ್ಲಿ ಅದಕ್ಕೂ ನೂರು ವರ್ಷ ಹಿಂದೆ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಇದ್ದ. 1554ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅವನಿಗೆ ಮುಂಬಯಿ ದ್ವೀಪವನ್ನು ಗೇಣಿಗೆ ಕೊಟ್ಟಿದ್ದ. ಭಾರತದ ಔಷಧಿ ಗಿಡಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸುತ್ತಿದ್ದನೆಂಬ ಆರೋಪದ ಮೇಲೆ ಅವನು ಸತ್ತ ಮೇಲೆ, 1580ರಲ್ಲಿ, ಧರ್ಮನ್ಯಾಯಮಂಡಳಿಯವರು ಅವನ ಅಸ್ಥಿಯನ್ನು ಅಗೆದು ತೆಗೆದು ಸುಟ್ಟರು. ಇರಲಿ. ವೈದ್ಯನ ಮನೆ ಒಡತಿಯ ಮನೆಯಾಯಿತು, ಒಡತಿಯ ಮನೆ ಗವರ್ನರನ ಬಾಂಬೆ ಕ್ಯಾಸಲ್ ಆಯಿತು. ಈ ಅವಧಿಯುದ್ದಕ್ಕೂ ಧಾರಾವಿಯ ಖಾಡಿಯಲ್ಲಿ ಕೋಳಿ ಸಮುದಾಯದ ಮೀನುಗಾರರು ಬಲೆ ಹಾಕುತ್ತಲೇ ಇದ್ದರು. ಒಡೆಯ ಬದಲಾದದ್ದು ಅವರಿಗೆ ಗೊತ್ತಾದದ್ದು ವಸೂಲಿಗೆ ಬಂದವನ ಟೋಪಿ ನೋಡಿ ಇರಬೇಕು.

ಮೇನರ್ ಅಂದರೆ ಕಲ್ಲಿನ ಬಂಗಲೆ ಮತ್ತು ಹುಲ್ಲುಹಾಸು ಅಂತ ಸಿನಿಮಾ ನೋಡಿದವರು ತಿಳಿಯುತ್ತಾರೆ. ಅಸಲಿಗೆ ಅದು ಗೇಣಿಯ ವ್ಯವಸ್ಥೆ. ಮೇಲೆ ರಾಜ, ಅವನ ಕೆಳಗೆ ಧಣಿ, ಧಣಿಯ ಕೆಳಗೆ ಒಕ್ಕಲು, ಒಕ್ಕಲಿನ ಕೆಳಗೆ ಗೋಮಾಳದಲ್ಲಿ ಹಸು ಬಿಟ್ಟುಕೊಂಡು ಸೌದೆ ಆಯ್ದುಕೊಂಡು ಬದುಕುವ ಬಡವರು. 1086ರಲ್ಲಿ ವಿಲಿಯಂ ದೊರೆ ಡೂಮ್ಸ್‌ಡೇ ದಫ್ತರ ಮಾಡಿಸಿದಾಗ ಬರೆಸಿದ್ದು ಯಾವ ಊರು ಯಾರ ಕೈಯಲ್ಲಿದೆ, ಎಷ್ಟು ಹುಟ್ಟುವಳಿ ಎಂಬುದನ್ನು. ಅಂದಿನಿಂದ ಕಾಲಕಾಲಕ್ಕೆ ಮೇಲಿನ ಹೆಸರು ಬದಲಾಗುತ್ತ ಬಂತು. 1536ರಿಂದ 1540ರ ಒಳಗೆ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ, ಅವುಗಳ ಜಮೀನನ್ನು ಆಸ್ಥಾನಿಕರಿಗೂ ವ್ಯಾಪಾರಿಗಳಿಗೂ ಹಂಚಿದ, ಮಾರಿದ. ಹದಿನೆಂಟನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ದುಡಿದ, ದುಡಿದ ಅನ್ನುವುದು ಮರ್ಯಾದೆಯ ಮಾತು, ನವಾಬರೆಂದೇ ಹೆಸರಾದ ಕಂಪನಿಯ ಅಧಿಕಾರಿಗಳು ಗಂಟು ಕಟ್ಟಿಕೊಂಡು ಹೋಗಿ ಎಸ್ಟೇಟ್ ಕೊಂಡರು. ವಾರನ್ ಹೇಸ್ಟಿಂಗ್ಸ್ ತನ್ನ ಮನೆತನದವರು ಕಳೆದುಕೊಂಡಿದ್ದ ಡೇಲ್ಸ್‌ಫರ್ಡ್ ಅನ್ನು 1788ರಲ್ಲಿ ಮತ್ತೆ ಖರೀದಿಸಿದ. ಆ ಮನೆ ಈಗ ಜೆಸಿಬಿ ಕಂಪನಿಯ ಬ್ಯಾಮ್‌ಫರ್ಡ್ ಕುಟುಂಬದ ಕೈಯಲ್ಲಿದೆ. ಹಳದಿ ಜೆಸಿಬಿ ಗಲ್ಲಿಯ ತುದಿಗೆ ಬಂದು ನಿಂತರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಇಲ್ಲಿರುವವರಿಗೆ ನಾನು ವಿವರಿಸಬೇಕಿಲ್ಲ.

1894ರಲ್ಲಿ ಸಾವಿನ ತೆರಿಗೆ ಬಂತು. 1919ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳ ಮೇಲೆ ಅದು ಶೇ. 40 ಆಯಿತು. ಮೊದಲ ಮಹಾಯುದ್ಧದಲ್ಲಿ ತಂದೆಯೂ ಮಗನೂ ಹೋದ ಮನೆಗಳಲ್ಲಿ ತೆರಿಗೆ ಎರಡೆರಡು ಸಲ ಬಿತ್ತು. ಯುದ್ಧ ಮುಗಿದ ಮೂರು ನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನ ಕಾಲು ಭಾಗ ಜಮೀನು ಮಾರಾಟವಾಯಿತು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅಷ್ಟಾಗಿರಲಾರದು ಎನ್ನುವವರೂ ಇದ್ದಾರೆ. ಕೊಂಡವರಲ್ಲಿ ಬಹಳ ಮಂದಿ ಅದೇ ಜಮೀನಿನ ಗೇಣಿದಾರರು. ಬಂಗಲೆಗಳಲ್ಲಿ ಕೆಲವನ್ನು ಕೆಡವಿದರು, ಕೆಲವು ಶಾಲೆಯಾದವು, ಹೋಟೆಲಾದವು. 1937ರ ಯೋಜನೆಯಡಿ ಕೆಲವನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ ಧಣಿಗಳು ತಮ್ಮ ಮನೆಯಲ್ಲೇ ಬಿಡಾರ ಹೂಡಿದವರಂತೆ ಉಳಿದರು. ಮೊನ್ನೆ ಮೊನ್ನೆ, 2021ರಲ್ಲಿ, ಒಂದನೆಯ ಎಲಿಜಬೆತ್ ರಾಣಿ ಅತಿಥಿಯಾಗಿ ಬಂದಿದ್ದ ಸ್ಟೋಕ್ ಪಾರ್ಕನ್ನು 5.7 ಕೋಟಿ ಪೌಂಡಿಗೆ ಕೊಂಡದ್ದು ನಮ್ಮ ಮುಂಬಯಿಯ ರಿಲಯನ್ಸ್. ಪತ್ರಿಕೆಗಳು ಸಂಭ್ರಮಪಟ್ಟವು. ಚರಿತ್ರೆ ತಿರುಗಿ ಹೊಡೆಯಿತು ಅಂದವರೂ ಉಂಟು. ನನಗೆ ಅದರಲ್ಲಿ ಅಂಥ ಹೊಸತು ಕಾಣಲಿಲ್ಲ. ಆ ಊರಿನ ಧಣಿ ಮೊದಲೂ ಹೊರಗಿನಿಂದಲೇ ಬರುತ್ತಿದ್ದ. ಅಮೆರಿಕದ ಪೆನ್ಸಿಲ್ವೇನಿಯಾದ ಒಡೆಯರಾದ ಪೆನ್ ಮನೆತನದವರು 1760ರಲ್ಲಿ ಅದನ್ನು ಕೊಂಡಿದ್ದರು.

ನನ್ನ ಕುತೂಹಲ ಇರುವುದು ಕೆಳಗಿನ ಸಾಲಿನ ಮೇಲೆ. ಮೇನರಿನ ಒಕ್ಕಲಿಗೆ ಜಮೀನಿನ ಕ್ರಯಪತ್ರ ಇರಲಿಲ್ಲ. ಧಣಿಯ ಕಚೇರಿ ವರ್ಷಕ್ಕೆ ಕೆಲವು ಸಲ ಕೂಡುತ್ತಿತ್ತು. ಇಂಥವನ ಅಪ್ಪ ಸತ್ತ, ಇಂಥವನು ಮುಂದುವರಿಯುತ್ತಾನೆ, ಇಷ್ಟು ಕಾಣಿಕೆ ಕೊಟ್ಟ ಎಂದು ದಫ್ತರದಲ್ಲಿ ಬರೆದುಕೊಂಡು, ಅದರ ಒಂದು ನಕಲನ್ನು ಅವನ ಕೈಗೆ ಕೊಡುತ್ತಿದ್ದರು. ಅವನ ಹಕ್ಕೆಂದರೆ ಅದೊಂದು ನಕಲು ಕಾಗದ. ಎಷ್ಟೋ ಕಡೆ ಅಪ್ಪ ಸತ್ತಾಗ ಮನೆಯ ಒಳ್ಳೆಯ ದನವೊಂದನ್ನು ಧಣಿಗೆ ಒಪ್ಪಿಸಬೇಕಾಗಿತ್ತು. ಆದರೆ ಆ ಹರಕು ನಕಲು ಗಟ್ಟಿಯಾಗುತ್ತ ಹೋಯಿತು. ರಾಜನ ನ್ಯಾಯಾಲಯಗಳು ಅದನ್ನು ಮನ್ನಿಸಿದವು, ಧಣಿ ಬದಲಾದರೂ ನಕಲು ಉಳಿಯಿತು. ಕೊನೆಗೆ 1922ರ ಕಾಯಿದೆ 1926ರ ಜನವರಿ 1ರಂದು ಜಾರಿಗೆ ಬಂದಾಗ, ಉಳಿದಿದ್ದ ಅಂಥ ಹಿಡುವಳಿಗಳೆಲ್ಲ ಸ್ವಂತ ಜಮೀನಾದವು.

ನಕಲು ಇಲ್ಲದವರ ಗತಿ? 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಊರೊಟ್ಟಿನ ಹೊಲ, ಗೋಮಾಳಗಳಿಗೆ ಬೇಲಿ ಹಾಕಿಸಿತು. ಕಮಿಷನರುಗಳು ಊರಿಗೆ ಬಂದು ಕೂತು ಯಾರ ಬಳಿ ಏನು ದಾಖಲೆಯಿದೆ ಎಂದು ಕೇಳಿದರು. ಇದ್ದವರಿಗೆ ಪಾಲು ಸಿಕ್ಕಿತು. ಅಜ್ಜನ ಕಾಲದಿಂದ ಹಸು ಮೇಯಿಸುತ್ತಿದ್ದೇನೆ ಅಂದವರಲ್ಲಿ ಬಹುತೇಕರಿಗೆ ಏನೂ ಸಿಗಲಿಲ್ಲ. ಅವರು ಲಂಡನ್, ಮ್ಯಾಂಚೆಸ್ಟರಿನ ಕೊಳೆಗೇರಿಗಳಿಗೆ ಹೋದರು. ಇಂಗ್ಲೆಂಡಿಗೂ ಧಾರಾವಿಗಳು ಇದ್ದವು, ಅವು ಹುಟ್ಟಿದ್ದು ಹೀಗೆ.

ಈಗ ಮುಂಬಯಿಗೆ ಬರೋಣ. ಇಲ್ಲಿಯ ಹಳೆಯ ಭೂದಾಖಲೆ ನೋಡಿದವರಿಗೆ ಪೆನ್ಷನ್ ಅಂಡ್ ಟ್ಯಾಕ್ಸ್, ಫೋರಸ್, ಟೋಕಾ, ಇನಾಮು, ಫಜಿಂದಾರಿ ಎಂದೆಲ್ಲ ಹಿಡುವಳಿಗಳ ಹೆಸರು ಸಿಗುತ್ತವೆ. ಒಂದೊಂದರ ಹಿಂದೆಯೂ ಒಂದು ಜಗಳವಿದೆ. ಕಂಪನಿಗೆ ಮುಂಬಯಿ ಸಿಕ್ಕಿದ ಕೂಡಲೇ, ಇಲ್ಲಿ ತೆಂಗು ಭತ್ತ ಬೆಳೆದುಕೊಂಡಿದ್ದವರ ಜಮೀನು ಯಾರದು ಎಂಬ ಪ್ರಶ್ನೆ ಎದ್ದಿತು. ಗವರ್ನರ್ ಜೆರಾಲ್ಡ್ ಆಂಜಿಯರ್ 1672ರಲ್ಲಿ ಊರವರ ಜೊತೆ ರಾಜಿ ಮಾಡಿಕೊಂಡ: ಎಲ್ಲರೂ ಸೇರಿ ವರ್ಷಕ್ಕೆ 20,000 ಶೆರಾಫಿನ್ ಕೊಡುವುದು, ಕಂಪನಿ ಅವರ ಹಿಡುವಳಿಯ ತಂಟೆಗೆ ಹೋಗದಿರುವುದು. 1780ರ ದಶಕದಲ್ಲಿ ಹಾರ್ನ್‌ಬಿಯ ಒಡ್ಡು ಸಮುದ್ರವನ್ನು ತಡೆದ ಮೇಲೆ ನಡುವಿನ ಜವುಗು ಬಯಲಾಯಿತು. ಅದನ್ನು ಹಸನು ಮಾಡಿದವರಿಗೆ ಅಲ್ಪ ಗೇಣಿಗೆ ಕೊಟ್ಟರು; ಫೋರಸ್ ಹಿಡುವಳಿ ಎಂದರೆ ಇದೇ. ಊರು ಬೆಳೆದು ಜಾಗಕ್ಕೆ ಬೆಲೆ ಬಂದದ್ದೇ ತಡ, ಸರ್ಕಾರ ನಮ್ಮದು ಅಂದಿತು. ಹಿಡುವಳಿದಾರರು ಬಿಡಲಿಲ್ಲ. 1851ರ ಕಾಯಿದೆಯಲ್ಲಿ ಸರ್ಕಾರ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಕಾಮಾಠಿಪುರದ ಬದಿಯ ಫೋರಸ್ ರೋಡಿನ ಹೆಸರು ಈಗ ಬೇರೆ ಅರ್ಥದಲ್ಲಿ ನಾಲಿಗೆಗೆ ಬರುತ್ತದೆ. ಅದರಲ್ಲಿ ಒಂದು ಭೂಹಕ್ಕಿನ ಗೆಲುವು ಹೂತಿದೆ. ಜವುಗನ್ನು ತುಂಬಿದವನಿಗೇ ಜಾಗ ಎಂಬುದನ್ನು ಈ ನಗರ ಒಂದು ಸಲವಾದರೂ ಒಪ್ಪಿಕೊಂಡಿತ್ತು ಎಂಬುದು ನಿಮ್ಮ ನೆನಪಿನಲ್ಲಿರಲಿ.

ದೊಡ್ಡ ಎಸ್ಟೇಟುಗಳ ಕಥೆ ಖಾಡಿಯ ಆಚೆಯದು. ಮೀಠಿ ನದಿಯ ಆಚೆ ದಡದ ಕುರ್ಲಾ, ಮರೋಳ್, ಸಹಾರ್ ಮೊದಲಾದ ಹಳ್ಳಿಗಳನ್ನು 1808ರಲ್ಲಿ ಕಂಪನಿ ಹೋರ್ಮುಸ್‌ಜೀ ಬೊಮನ್‌ಜೀ ವಾಡಿಯಾ ಅವರಿಗೆ ಕೊಟ್ಟಿತು, ಪಟ್ಟಣದೊಳಗಿನ ಒಂದು ಜಾಗಕ್ಕೆ ಬದಲಾಗಿ. ಸಹಾರಿನಲ್ಲಿ ಈಗ ವಿಮಾನ ಇಳಿಯುತ್ತದೆ. 1830ರಲ್ಲಿ ಬೈರಾಮ್‌ಜೀ ಜೀಜೀಭಾಯ್ ಅವರಿಗೆ ಏಳು ಹಳ್ಳಿ ಸಿಕ್ಕವು. ಇಂಗ್ಲೆಂಡಿನ ಧಣಿಗಳ ಮಾದರಿಯನ್ನೇ ಕಂಪನಿ ಪಾರ್ಸಿ ಶ್ರೀಮಂತರ ಮೂಲಕ ಸಾಲ್ಸೆಟ್ಟಿನಲ್ಲಿ ನೆಟ್ಟಿತು ಎನ್ನಬಹುದು. 1951ರಲ್ಲಿ ಸಾಲ್ಸೆಟ್ ಎಸ್ಟೇಟುಗಳ ಕಾಯಿದೆ ಬಂದು ಅವುಗಳ ಕಂದಾಯ ವಿನಾಯಿತಿ ಹೋಯಿತು. 1976ರಲ್ಲಿ ನಗರ ಭೂಮಿತಿ ಕಾಯಿದೆ ಬಂತು, 2007ರಲ್ಲಿ ಮಹಾರಾಷ್ಟ್ರ ಅದನ್ನು ರದ್ದು ಮಾಡಿತು. ಮಧ್ಯೆ ಎಷ್ಟೋ ಧಣಿಗಳು ಬಿಲ್ಡರುಗಳಾದರು, ಇಲ್ಲವೇ ಬಿಲ್ಡರುಗಳಿಗೆ ಮಾರಿದರು. ಆ ಮೊಕದ್ದಮೆಗಳ ವಿವರಕ್ಕೆ ಇಳಿದರೆ ಇವತ್ತು ಊಟಕ್ಕೆ ಏಳಲಾರೆವು.

ಧಾರಾವಿ ಮಾತ್ರ ಯಾವ ಧಣಿಗೂ ಬೇಕಾದ ಜಾಗವಾಗಿರಲಿಲ್ಲ. (ಹಳೆಯ ಗೆಜೆಟಿಯರ್ ಓದುವ ಹುಡುಗರಿಗೊಂದು ಎಚ್ಚರಿಕೆ: ಮರಾಠಾ ಸೇನಾನಿ ಚಿಮಾಜಿ ಅಪ್ಪಾನ ಕಾಲದ ಕಾಳಗ ನಡೆದ ಧಾರಾವಿ ಭಾಯಂದರ್ ಕಡೆಯದು, ನಮ್ಮದಲ್ಲ.) ನಮ್ಮ ಧಾರಾವಿಯಲ್ಲಿರುವುದು ಕಾಲಾ ಕಿಲ್ಲಾ. ಬಸ್ ಡಿಪೋದ ಹತ್ತಿರ, ಮನೆಗಳ ನಡುವೆ ಸಿಕ್ಕಿಕೊಂಡಿರುವ ಆ ಕಪ್ಪು ಗೋಡೆಯ ಮೇಲೆ ಗವರ್ನರ್ ಜಾನ್ ಹಾರ್ನ್ 1737ರಲ್ಲಿ ಕಟ್ಟಿಸಿದನೆಂಬ ಕಲ್ಲುಬರಹವಿದೆ. ಅದೇ ವರ್ಷ ಮರಾಠರು ಸಾಲ್ಸೆಟ್ಟಿಗೆ ನುಗ್ಗಿದ್ದರು. ಖಾಡಿಯಾಚೆ ಕಣ್ಣಿಡಲು ಇಂಗ್ಲಿಷರಿಗೆ ಒಂದು ಕಾವಲು ಬೇಕಾಗಿತ್ತು. ಕಿಲ್ಲೆಯ ಆಚೆಗೆ ಇದ್ದದ್ದು ಕಾಂಡ್ಲಾ ಪೊದೆ, ಕೆಸರು, ಕೋಳಿವಾಡಾ. 1887ರಲ್ಲಿ ಮೊದಲ ಚರ್ಮ ಹದಮಾಡುವ ಕಾರ್ಖಾನೆ ಬಂತು. ಊರಿನೊಳಗೆ ಇರಬಾರದೆನಿಸಿದ್ದೆಲ್ಲ ಇಲ್ಲಿಗೆ ಬಂತು: ಚರ್ಮ, ಕುಂಬಾರರ ಭಟ್ಟಿಯ ಹೊಗೆ, ಆಮೇಲೆ ಕಸ. ಸೌರಾಷ್ಟ್ರದ ಕುಂಬಾರರು ಬೇರೆ ಕಡೆಗಳಿಂದ ಎಬ್ಬಿಸಲ್ಪಟ್ಟು ಕೊನೆಗೆ ಇಲ್ಲಿ ನೆಲೆನಿಂತರು. ತಿರುನೆಲ್ವೇಲಿಯವರು, ಉತ್ತರ ಪ್ರದೇಶದವರು, ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಬಂದರು. ಬಂದವರು ಕಸ, ಇಟ್ಟಿಗೆ ಚೂರು, ಬೂದಿ ತಂದು ಸುರಿದು ಕೆಸರನ್ನು ನೆಲ ಮಾಡಿದರು. ಆ ನೆಲದ ಹೆಚ್ಚಿನ ಭಾಗ ಕಾಗದದಲ್ಲಿ ಪಾಲಿಕೆಯದು. ಉಳಿದದ್ದು ರಾಜ್ಯ ಸರ್ಕಾರದ್ದು, ರೈಲ್ವೆಯದು, ಸ್ವಲ್ಪ ಖಾಸಗಿ. ತುಂಬಿದವರದು ಎಂದು ಯಾವ ಕಾಗದದಲ್ಲೂ ಇಲ್ಲ.

ಹಾಗಾದರೆ ಅವರ ಬಳಿ ಇರುವ ಕಾಗದ ಯಾವುದು? ಚರ್ಮದ ಗಾಳೆಯಲ್ಲಿ ಆಯುಷ್ಯ ಕಳೆದ ಯಾದಗಿರಿ ಕಡೆಯ ಹಿರಿಯರೊಬ್ಬರು ನನಗೆ ತಮ್ಮ ಕಟ್ಟು ಬಿಚ್ಚಿ ತೋರಿಸಿದರು. ಮಳೆ ನೀರು ತಾಗದ ಹಾಗೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಮಾಳಾದ (ಅಟ್ಟದ) ಮೇಲೆ, ಅಕ್ಕಿ ಡಬ್ಬದ ಹಿಂದೆ ಇಟ್ಟದ್ದು. ಮೇಲುಗಡೆಯೇ ಫೋಟೋಪಾಸ್. 1976ರ ಜನವರಿ 4ರಂದು ಮುಂಬಯಿಯ ಝೋಪಡಿಗಳ ಗಣತಿ ಮಾಡಿ, ಆಮೇಲೆ ಕೊಟ್ಟ ಪಾಸು. ಕಪ್ಪು ಬಿಳುಪು ಚಿತ್ರದಲ್ಲಿ ಅಪ್ಪ ಮುಂದೆ, ಅವ್ವ ಸೆರಗು ಹೊದ್ದು ಪಕ್ಕದಲ್ಲಿ, ಮಕ್ಕಳು ಸಾಲಾಗಿ. ಅವರಲ್ಲಿ ಕಣ್ಣು ಮುಚ್ಚಿದ ಹುಡುಗ ಈ ಹಿರಿಯರೇ. ಕೆಳಗೆ ಝೋಪಡಿಯ ನಂಬರು, ಅಳತೆ, ಮುದ್ರೆ. ಅದರ ಕೆಳಗೆ ಜಾಗದ ಭಾಡೆ ಕಟ್ಟಿದ ಪಾವತಿಗಳು, ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿಂದಿದೆ. ಫೋಟೋಪಾಸಿನಲ್ಲಿ ಅಪ್ಪನ ಹೆಸರು ಮರಾಠಿ ಗುಮಾಸ್ತನ ಕಿವಿಗೆ ಬಿದ್ದ ಹಾಗೆ, ರೇಷನ್ ಕಾರ್ಡಿನಲ್ಲಿ ಬೇರೆ ಹಾಗೆ, ಲೈಟ್ ಬಿಲ್ಲು ಖೋಲಿಯನ್ನು ಮೊದಲು ಮಾರಿದವನ ಹೆಸರಿನಲ್ಲೇ. "ಮೂರು ಹೆಸರಿನ ಒಬ್ಬನೇ ಅಪ್ಪ ಅಂತ ಯಾವ ಆಫೀಸರಿಗೆ ಹೇಳಲ್ರೀ?" ಅಂತ ಕೇಳಿದರು.

ಈ ಕಟ್ಟು ಮೇನರಿನ ಒಕ್ಕಲಿನ ನಕಲಿನಂಥದ್ದೇ. ಧಣಿಯ ದಫ್ತರದಲ್ಲಿ ನಿನ್ನ ಹೆಸರಿದೆ, ನೀನು ಇಲ್ಲಿರುವುದು ನಮಗೆ ಗೊತ್ತು, ಭಾಡೆ ಕೊಡುತ್ತಿದ್ದೀ ಎಂಬುದಕ್ಕೆ ಗುರುತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ನಕಲು ಕಾಲ ಕಳೆದಂತೆ ಸ್ವತ್ತಾಯಿತು. ಇಲ್ಲಿ ಫೋಟೋಪಾಸ್ ಕಾಲ ಕಳೆದಂತೆ ಅರ್ಹತೆಯಾಯಿತು. ಸ್ವತ್ತು ನನ್ನದಾದರೆ ಮಾತುಕತೆಗೆ ನನ್ನನ್ನು ಕರೆಯಲೇಬೇಕು. ಅರ್ಹನಾದರೆ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು.

1985ರಲ್ಲಿ ರಾಜೀವ್ ಗಾಂಧಿಯವರು ಮುಂಬಯಿಗೆ 100 ಕೋಟಿ ರೂಪಾಯಿ ಘೋಷಿಸಿದರು, ಧಾರಾವಿಗೂ ಪಾಲು ಬಂತು, ಕೆಲವು ಕಟ್ಟಡ ಎದ್ದವು. 1995ರಲ್ಲಿ ಝೋಪಡಿ ಪುನರ್ವಸತಿ ಪ್ರಾಧಿಕಾರ ಹುಟ್ಟಿತು. 2004ರಲ್ಲಿ ಧಾರಾವಿ ಪುನರಾಭಿವೃದ್ಧಿ ಯೋಜನೆ. ಟೆಂಡರು ಕರೆಯುವುದು, ರದ್ದು ಮಾಡುವುದು ಹದಿನೆಂಟು ವರ್ಷ ನಡೆಯಿತು. 2022ರ ನವೆಂಬರಿನಲ್ಲಿ ಅದಾನಿ ಸಮೂಹದ 5,069 ಕೋಟಿ ರೂಪಾಯಿಯ ಬಿಡ್ ಗೆದ್ದಿತು. ಯೋಜನೆಯ ಕಂಪನಿಯಲ್ಲಿ ಅವರದು ಶೇ. 80, ಸರ್ಕಾರದ್ದು ಶೇ. 20. 2024ರಲ್ಲಿ ಸರ್ವೆಯವರು ಬಾಗಿಲು ಬಾಗಿಲಿಗೆ ನಂಬರು ಹಾಕಿದರು. 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ಇದ್ದವರಿಗೆ ಇಲ್ಲೇ 350 ಚದರಡಿ, ಪುಕ್ಕಟೆ. 2000ದಿಂದ 2011ರ ಜನವರಿ 1ರ ಒಳಗೆ ಬಂದವರಿಗೆ ಧಾರಾವಿಯ ಹೊರಗೆ, ಎರಡೂವರೆ ಲಕ್ಷ ಕಟ್ಟಬೇಕು. ಆಮೇಲೆ ಬಂದವರಿಗೂ ಮಾಳಾದ ಮೇಲಿದ್ದವರಿಗೂ ಹೊರಗೆ, ಭಾಡೆಯ ಮೇಲೆ, ಕಂತು ಕಟ್ಟಿದರೆ ಮುಂದೆ ಸ್ವಂತ. ಮೂವತ್ತು ವರ್ಷದಿಂದ ಮೇಲಿನ ಮಹಡಿಯಲ್ಲಿದ್ದವನು ಇಪ್ಪತ್ತಾರು ವರ್ಷದಿಂದ ಕೆಳಗಿದ್ದವನಿಗಿಂತ ಹೊರಗಿನವನಾಗುತ್ತಾನೆ, ಏಣಿಯ ಹತ್ತು ಮೆಟ್ಟಿಲ ಕಾರಣಕ್ಕೆ. ಬೇಲಿ ಹಾಕಲು ಬಂದ ಇಂಗ್ಲಿಷ್ ಕಮಿಷನರುಗಳೂ ಇಷ್ಟು ಸೂಕ್ಷ್ಮವಾಗಿ ಯೋಚಿಸಿರಲಾರರು.

ಇದಕ್ಕಿಂತ ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು; ನಮ್ಮ ಊರಿನಲ್ಲೇ ಇತ್ತು. ದಕ್ಷಿಣ ಕನ್ನಡದಿಂದ ಬಂದ ಹಿರಿಯರು ಇಲ್ಲಿದ್ದೀರಿ. 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಹಾಕುವುದು ಅನ್ನುತ್ತಿದ್ದೆವು. ಡಿಕ್ಲರೇಶನ್ ಹಾಕಿದ ಒಕ್ಕಲನ್ನು ಧಣಿ ಮಾತಾಡಿಸುತ್ತಿರಲಿಲ್ಲ. ದೇವರ ಎದುರು ಪ್ರಮಾಣ ಮಾಡಿಸಿ ಅರ್ಜಿ ಹಿಂದೆ ತೆಗೆಸಿದ್ದೂ ಉಂಟು. ಚಾಲಗೇಣಿಯ, ಅಂದರೆ ವರ್ಷ ವರ್ಷಕ್ಕೆ ಮುಂದುವರಿಸುವ ಗೇಣಿಯ, ಒಕ್ಕಲಿನ ಬಳಿ ಎಷ್ಟೋ ಸಲ ಚೀಟಿಯ ಚೂರೂ ಇರಲಿಲ್ಲ. ಆದರೂ ಈ ಅರ್ಜಿಗಳನ್ನು ವಿಚಾರಿಸುವ ಭೂ ಟ್ರಿಬ್ಯುನಲ್ ನೆರೆಯವನ ಬಾಯಿಮಾತು ಕೇಳಿತು. ಇವರ ಅಪ್ಪ ಇದೇ ಗದ್ದೆ ಉಳುತ್ತಿದ್ದ, ನಾನು ನೋಡಿದ್ದೇನೆ ಎಂಬ ಮಾತನ್ನು ಸಾಕ್ಷಿಯಾಗಿ ಬರೆದುಕೊಂಡಿತು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಹಾಗೆ ಗದ್ದೆ ಕಳೆದುಕೊಂಡ ಮನೆಗಳ ಮಕ್ಕಳೂ ಮುಂಬಯಿಗೆ ಬಂದು ಹೋಟೆಲಿನ ಗಲ್ಲೆಯಲ್ಲಿ ಕೂತರು, ಗದ್ದೆ ಪಡೆದ ಮನೆಗಳ ಮಕ್ಕಳೂ ಅದೇ ಹೋಟೆಲಿಗೆ ಬಂದರು.

ಆ ಸುಧಾರಣೆಯನ್ನು ನಾನು ಹೊಗಳಿ ಬಿಡುವುದಿಲ್ಲ. ಅದು ಗೇಣಿದಾರನಿಗೆ ಕೊಟ್ಟಿತು, ಕೂಲಿಗೆ ಕೊಡಲಿಲ್ಲ. ಹೈದರಾಬಾದ್ ಪ್ರಾಂತದಲ್ಲಿ 1949ರಲ್ಲಿ ಜಹಗೀರು ರದ್ದಾದಾಗಲೂ ಹಾಗೆಯೇ. ಕಲಬುರಗಿ, ಯಾದಗಿರಿಯಿಂದ ಧಾರಾವಿಗೆ ಬಂದವರಲ್ಲಿ ಬಹಳ ಜನ ಯಾವ ಧಣಿಯ ಯಾವ ದಫ್ತರದಲ್ಲೂ ಹೆಸರಿಲ್ಲದವರು. ಅವರ ಹೆಸರು ಸರ್ಕಾರಿ ಪುಸ್ತಕಕ್ಕೆ ಬಿದ್ದದ್ದು ಫೋಟೋಪಾಸಿನಲ್ಲಿ. ಆ ಕಾಗದವನ್ನು ಅವರು ಅಕ್ಕಿ ಡಬ್ಬದ ಹಿಂದೆ ಇಡುವುದು ಅದಕ್ಕೇ. ನೆರೆಯವನ ಬಾಯಿಮಾತಿಗೆ ಬೆಲೆ ಕೊಡುವ ಒಂದು ಟ್ರಿಬ್ಯುನಲ್ ಇಲ್ಲಿ ಗಲ್ಲಿ ಗಲ್ಲಿಗೆ ಕೂತರೆ, ಮೂರು ಹೆಸರಿನ ಅಪ್ಪನ ತಕರಾರು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕುಂಬಾರವಾಡಾದಲ್ಲಿ ಯಾರ ಭಟ್ಟಿ ಯಾರದು ಎಂದು ಪಕ್ಕದ ಭಟ್ಟಿಯವನಿಗೆ ಗೊತ್ತಿಲ್ಲವೇ?

ಕೊನೆಯದಾಗಿ ಒಂದು ವ್ಯವಹಾರದ ಮಾತು. ಹೊಸ ಮನೆಯ ಕೀಲಿಕೈ ಸಿಕ್ಕವರು ಒಡೆಯರಾದೆವು ಅಂದುಕೊಳ್ಳುತ್ತಾರೆ. ಸಾರ್ವಜನಿಕ ಜಾಗದ ಮೇಲಿನ ಝೋಪಡಿ ಪುನರ್ವಸತಿ ನಿಯಮದಲ್ಲಿ ಕಟ್ಟಡದ ಕೆಳಗಿನ ನೆಲ ನಿವಾಸಿಗಳ ಸೊಸೈಟಿಗೆ ಲೀಜ್ ಆಗಿ ಹೋಗುತ್ತದೆ: 4,000 ಚದರ ಮೀಟರಿಗೆ 1,001 ರೂಪಾಯಿ, ಮೂವತ್ತು ವರ್ಷಕ್ಕೆ, ಆಮೇಲೆ ನವೀಕರಣ. ಪಕ್ಕದ ಮಾಟುಂಗಾದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ನಿವೇಶನ ಕೊಟ್ಟಾಗ ಕೆಲವರಿಗೆ 999 ವರ್ಷದ ಲೀಜ್ ಸಿಕ್ಕಿತ್ತು. ಆದ್ದರಿಂದ ಸೊಸೈಟಿಯ ಮೊದಲ ಸಭೆಗೆ ಹೋದಾಗ ಟೈಲ್ಸಿನ ಬಣ್ಣ, ಲಿಫ್ಟಿನ ಕಂಪನಿ ಆಮೇಲೆ ಕೇಳಿ. ಮೊದಲು ಲೀಜಿನ ಪ್ರತಿ ಕೇಳಿ. ಲೀಜ್ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷ, ನವೀಕರಣ ನಮ್ಮ ಹಕ್ಕೋ ಅವರ ಮರ್ಜಿಯೋ, ಭಾಡೆ ಏರಿಸುವ ಅಧಿಕಾರ ಯಾರಿಗೆ, ಇಷ್ಟನ್ನು ಗಟ್ಟಿಯಾಗಿ ಓದಿಸಿ. ಇಂಗ್ಲಿಷೋ ಮರಾಠಿಯೋ ತೊಡಕಾದರೆ ನಮ್ಮ ಈ ಕನ್ನಡ ಸಂಘದಲ್ಲಿ ಓದಿ ಹೇಳಬಲ್ಲ ಹುಡುಗ ಹುಡುಗಿಯರಿದ್ದಾರೆ, ನಾನೂ ಬರುತ್ತೇನೆ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರಿಂದ ಶುರುವಾಗಲಿ.